ಬೀಗದ ಮನೆಗಳೂ ಹಬ್ಬದ ಹಟ್ಟಿಗಳೂ

ಕೋತಗಿರಿಯಿಂದಾಗಲಿ ಕೂನೂರಿನಿಂದಾಗಲಿ ಹೊರಟು ಚಹದ ಗಿಡಗಳ ನಡುವಣ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಒಂದಲ್ಲ ಒಂದು ಹಟ್ಟಿ ಎದುರಾಗುತ್ತದೆ. ಗುಡ್ಡದ ಓರೆಯನ್ನು ಸಮತಟ್ಟು ಮಾಡಿ ಒಂದೇ ನೇರಕ್ಕೆ ಕಟ್ಟಿದ ಮನೆಗಳ ಸಾಲು. ಅದಕ್ಕೆ ಕೇರಿಯೆಂದು ಹೆಸರು. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಎಲ್ಲ ಮನೆಗಳ ಮುಂದೆ ಉದ್ದಕ್ಕೂ ಹರಡಿದ ಒಂದೇ ಅಂಗಳ. ಹಟ್ಟಿಯ ಒಂದು ಬದಿಯಲ್ಲಿ ಹಿರಿಯರು ಕುಳಿತು ನ್ಯಾಯ ನಿರ್ಣಯ ಮಾಡುವ ಸುತ್ತುಕಲ್ಲು, ಇನ್ನೊಂದು ಬದಿಯಲ್ಲಿ ಗುಡಿ, ಆಚೆಗೆ ನೀರಿನ ಊಟೆ. ನೀಲಗಿರಿಯ ಬಡಗರು ತಲೆತಲಾಂತರದಿಂದ ಬಾಳಿ ಬದುಕಿದ ನೆಲೆ ಇದು. ಇಂತಹ ಹಟ್ಟಿಗಳು ಈ ಬೆಟ್ಟದ ಮೇಲೆ ಮುನ್ನೂರಕ್ಕೂ ಹೆಚ್ಚು ಇವೆ.

ವಾರದ ನಡುವಣ ಒಂದು ದಿನ ಇಂತಹ ಹಟ್ಟಿಯೊಂದನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಬೀಗ. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬಾಗಿಲು ಮುಚ್ಚಿದೆ. ಮನೆ ಹಾಳುಬಿದ್ದಿಲ್ಲ; ಬಣ್ಣ ಬಳಿದಿದೆ, ಮಾಡು ಭದ್ರವಾಗಿದೆ, ಹೊಸ್ತಿಲು ಗಟ್ಟಿಯಾಗಿದೆ. ಆದರೆ ಒಲೆ ಹೊತ್ತಿಲ್ಲ. ಮನೆಯವರು ಕೊಯಮತ್ತೂರಿನಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಮಗ ಕಡಲಾಚೆ ಇದ್ದಾನೆ. ಅದೇ ಹಟ್ಟಿಗೆ ಹೆತ್ತೆ ಹಬ್ಬದ ದಿನ ಹೋಗಿ ನೋಡಬೇಕು. ಬೀಗಗಳೆಲ್ಲ ತೆರೆದಿರುತ್ತವೆ. ಮಲಗಲು ಜಾಗ ಸಾಲದೆ ಹುಡುಗರು ಅಂಗಳದಲ್ಲಿಯೇ ಬೆಳಗು ಮಾಡುತ್ತಾರೆ.

ಹಾಗಾದರೆ ಈ ಹಟ್ಟಿಯ ಜನಸಂಖ್ಯೆ ಎಷ್ಟು? ಬೀಗ ಹಾಕಿದ ದಿನದ್ದೋ, ಬೀಗ ತೆರೆದ ದಿನದ್ದೋ? ಕೇಳುವುದಕ್ಕೆ ಸರಳವಾಗಿ ತೋರುವ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಉತ್ತರ ಹುಡುಕಬೇಕಾದರೆ ಈ ಬೆಟ್ಟಕ್ಕೆ ಜನ ಬಂದ ಕಥೆ, ಬೆಳೆದ ಕಥೆ, ಇಳಿದ ಕಥೆ ಮೂರನ್ನೂ ಒಮ್ಮೆ ನೋಡಿ ಬರಬೇಕಾಗುತ್ತದೆ.

ಬಡಗಿನಿಂದ ಬಂದವರು

ಬಡಗು ಎಂದರೆ ಉತ್ತರ ದಿಕ್ಕು. ಬಡಗ ಎಂದರೆ ಬಡಗಿನಿಂದ ಬಂದವನು. ಹೆಸರಿನಲ್ಲಿಯೇ ವಲಸೆಯ ನೆನಪನ್ನು ಹೊತ್ತು ತಿರುಗುವ ಜನಾಂಗಗಳು ಹೆಚ್ಚಿಲ್ಲ. ಈ ಬಡಗು ಯಾವುದು? ನೀಲಗಿರಿಯ ಉತ್ತರಕ್ಕೆ ಮೋಯಾರು ನದಿಯ ಕಣಿವೆ. ಅದನ್ನು ದಾಟಿದರೆ ಮೈಸೂರು ಸೀಮೆಯ ಬಯಲು. ಉಮ್ಮತ್ತೂರಿನ ಪಾಳೆಯಗಾರರು ಆಳಿದ ಪ್ರದೇಶವದು. ಏಳು ಜನ ಅಣ್ಣತಮ್ಮಂದಿರು ತಮ್ಮ ಒಬ್ಬಳೇ ತಂಗಿಯೊಡನೆ ತಲಮಲೆಯ ಬೆಟ್ಟದಲ್ಲಿದ್ದರೆಂದೂ, ತಂಗಿಯ ಮೇಲೆ ಕಣ್ಣಿಟ್ಟ ಅರಸನೊಬ್ಬನಿಗೆ ಹೆದರಿ ರಾತ್ರೋರಾತ್ರಿ ಹೊರಟು ನೀಲಗಿರಿಯನ್ನೇರಿದರೆಂದೂ, ಅಲ್ಲಿಂದ ಒಬ್ಬೊಬ್ಬರು ಒಂದೊಂದು ಕಡೆ ಹಟ್ಟಿ ಕಟ್ಟಿದರೆಂದೂ ಹಿರಿಯರು ಹೇಳುವ ಕಥೆ. 1908ರಲ್ಲಿ ಪ್ರಕಟವಾದ ನೀಲಗಿರಿ ಜಿಲ್ಲಾ ಗ್ಯಾಸೆಟಿಯರಿನಲ್ಲಿ ಅದರ ಕರ್ತೃ ಫ್ರಾನ್ಸಿಸ್ ಈ ಕಥೆಯನ್ನು ದಾಖಲಿಸಿದ್ದಾನೆ.

ಕಥೆಯನ್ನು ಇತಿಹಾಸವೆಂದು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅದರ ತಿರುಳು ಸುಳ್ಳಲ್ಲ. 1565ರಲ್ಲಿ ವಿಜಯನಗರದ ಬಲ ಮುರಿದ ಮೇಲೆ ದಕ್ಷಿಣ ಮೈಸೂರು ಸೀಮೆಯಲ್ಲಿ ನೆಲೆಗೆಟ್ಟ ಕಾಲವೊಂದು ಬಂದಿತು. ತೆರಿಗೆಯ ಕಾಟ, ದಂಡಿನ ಕಾಟ, ಬರದ ಕಾಟ ಯಾವುದಿದ್ದರೂ ಒಕ್ಕಲುಮಕ್ಕಳಿಗೆ ಬೆಟ್ಟವೇ ಆಶ್ರಯ. ಒಂದೇ ದಿನ ಒಂದೇ ಗುಂಪು ಬಂದುದಲ್ಲ. ಹಲವು ತಲೆಮಾರುಗಳ ಕಾಲ, ಹಲವು ಕುಲಗಳು, ಹಲವು ದಾರಿಗಳಿಂದ ಏರಿ ಬಂದವು. ಲಿಂಗಧಾರಿಗಳಾದ ಒಡೆಯರು, ಹಾರುವರು, ಅಧಿಕಾರಿಗಳು, ಕಣಕ್ಕರು, ತೊರೆಯರು ಎಂಬ ಒಳಪಂಗಡಗಳು ಈ ಮಾತಿಗೆ ಸಾಕ್ಷಿಯಾಗಿ ಇಂದಿಗೂ ಉಳಿದಿವೆ.

ಬರೆಹದ ಸಾಕ್ಷಿಯೂ ಉಂಟು. ಕ್ರಿ.ಶ. 1603ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಫೆನಿಷಿಯೊ ಎಂಬ ಏಸುಸಭೆಯ ಪಾದ್ರಿ ಈ ಬೆಟ್ಟವನ್ನೇರಿ ಬಂದನು. ತೊದವರನ್ನು ಕಾಣಲು ಹೋದವನಿಗೆ ಬೆಟ್ಟದ ಮೇಲೆ ಬಡಗರ ಊರೂ ಎದುರಾಯಿತು. ಅವನ ಬರೆಹದ ಅನುವಾದವನ್ನು 1906ರಲ್ಲಿ ರಿವರ್ಸ್ ಎಂಬ ವಿದ್ವಾಂಸನು ತೊದವರ ಕುರಿತ ತನ್ನ ಗ್ರಂಥದ ಕೊನೆಯಲ್ಲಿ ಅಚ್ಚುಮಾಡಿಸಿದನು. ಅಂದರೆ 400 ವರ್ಷಗಳಿಗೂ ಹಿಂದೆ ಬಡಗರು ಇಲ್ಲಿ ನೆಲೆ ನಿಂತು ಬೇಸಾಯ ಮಾಡುತ್ತಿದ್ದರು ಎಂಬುದರಲ್ಲಿ ಸಂದೇಹವಿಲ್ಲ.

ಬಂದವರನ್ನು ಬೆಟ್ಟ ಹೇಗೆ ಸೇರಿಸಿಕೊಂಡಿತು ಎಂಬುದು ಗಮನಿಸತಕ್ಕ ವಿಷಯ. ಇಲ್ಲಿ ಅದಾಗಲೇ ಎಮ್ಮೆ ಸಾಕುವ ತೊದವರಿದ್ದರು. ಕಮ್ಮಾರಿಕೆ, ಕುಂಬಾರಿಕೆ, ವಾದ್ಯ ಬಲ್ಲ ಕೋತರಿದ್ದರು. ಕಾಡಿನ ಮರ್ಮ ಬಲ್ಲ ಕುರುಂಬರಿದ್ದರು. ಬಡಗರು ರಾಗಿ, ಸಾಮೆ, ಕೊರಲಿ ಬೆಳೆದು ಧಾನ್ಯ ಕೊಟ್ಟರು. ತೊದವರಿಂದ ತುಪ್ಪ ಬಂದಿತು, ಕೋತರಿಂದ ಕುಡುಗೋಲು ಮಡಕೆ ಬಂದಿತು, ಕುರುಂಬರಿಂದ ಜೇನು ಬಂದಿತು. ನಾಣ್ಯದ ನಂಟಿಲ್ಲದೆ, ಮನೆತನಕ್ಕೂ ಮನೆತನಕ್ಕೂ ನಡುವೆ ತಲೆಮಾರುಗಳ ಕಾಲ ನಡೆದ ಕೊಡುಕೊಳ್ಳುವಿಕೆ ಅದು. ಬಡಗರು ತಮ್ಮ ನೆಲೆಯನ್ನು ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆನಾಡು ಎಂದು ನಾಲ್ಕು ಸೀಮೆಗಳಾಗಿ ಎಣಿಸಿ, ಒಟ್ಟನ್ನು ನಾಕುಬೆಟ್ಟವೆಂದು ಕರೆದರು. ಹಟ್ಟಿಗೊಬ್ಬ ಗೌಡ, ಸೀಮೆಗೊಬ್ಬ ಗೌಡ, ನಾಕುಬೆಟ್ಟಕ್ಕೆಲ್ಲ ತೂನೇರಿಯ ಗೌಡ ಎಂಬ ಕಟ್ಟು ಹುಟ್ಟಿತು.

ಲೆಕ್ಕದ ಪುಸ್ತಕದಲ್ಲಿ ಹಟ್ಟಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆಯೊಡನೆ ನೀಲಗಿರಿಯೂ ಕುಂಪಣಿಯ ಕೈಸೇರಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವನ್ನೇರಿ ಕೋತಗಿರಿಯ ಬಳಿಯ ದಿಂಬಟ್ಟಿಯಲ್ಲಿ ಬೀಡುಬಿಟ್ಟನು. ಬಡಗರ ಹಟ್ಟಿಯ ಮಗ್ಗುಲಲ್ಲಿಯೇ ಬಿಳಿಯರ ಬೆಟ್ಟದ ಬಾಳು ಮೊದಲಾಯಿತು. ಉದಕಮಂಡಲ ಹುಟ್ಟಿದುದು ಅದರ ಅನಂತರ. 1868ರಲ್ಲಿ ನೀಲಗಿರಿ ಪ್ರತ್ಯೇಕ ಜಿಲ್ಲೆಯಾಗಿ ಬ್ರೀಕ್ಸ್ ಎಂಬವನು ಅದರ ಮೊದಲ ಕಮಿಷನರನಾದನು.

ಅಲ್ಲಿಂದ ಮುಂದೆ ಜನರ ಲೆಕ್ಕ ಬರೆಹಕ್ಕೆ ಇಳಿಯಿತು. 1871ರ ಜನಗಣತಿಯಲ್ಲಿ ಜಿಲ್ಲೆಯ ಒಟ್ಟು ಜನ 49,501. ಅವರಲ್ಲಿ ಬಡಗರು 19,476. ನೂರಕ್ಕೆ ಸುಮಾರು 39 ಜನ. 1877ರಲ್ಲಿ ವೈನಾಡಿನ ಆಗ್ನೇಯ ಭಾಗ, ಎಂದರೆ ಈಗಿನ ಗೂಡಲೂರಿನ ಸೀಮೆ, ಜಿಲ್ಲೆಗೆ ಸೇರಿತು. 1901ರಲ್ಲಿ ಜಿಲ್ಲೆಯ ಒಟ್ಟು ಜನ 1,11,437, ಬಡಗರು 34,178. ನೂರಕ್ಕೆ ಸುಮಾರು 31. ಅದೇ ವರ್ಷ ಕೋತರು 1,267 ಜನ, ತೊದವರು 807 ಜನ.

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. 30 ವರ್ಷಗಳಲ್ಲಿ ಬಡಗರ ಸಂಖ್ಯೆ ಮುಕ್ಕಾಲು ಪಾಲಿನಷ್ಟು ಹೆಚ್ಚಿತು. ಆದರೂ ಜಿಲ್ಲೆಯಲ್ಲಿ ಅವರ ಪಾಲು ಇಳಿಯಿತು. ತಾವು ಬೆಳೆಯುತ್ತಿರುವಾಗಲೇ ತಮ್ಮ ನೆಲದಲ್ಲಿ ತಾವು ಕಡಮೆಯಾಗುವ ಈ ವಿಚಿತ್ರ ಅಂದೇ ಆರಂಭವಾಗಿತ್ತು. ಕಾಫಿ, ಚಹ, ಸಿಂಕೋನದ ತೋಟಗಳಿಗೆ ಕೆಳನಾಡಿನಿಂದ ಕೂಲಿಗಳು ಬಂದರು. ದಂಡಿನ ಠಾಣ್ಯಕ್ಕೂ ಪೇಟೆಗೂ ವ್ಯಾಪಾರಿಗಳು ಬಂದರು. 1899ರಲ್ಲಿ ಮೆಟ್ಟುಪಾಳೆಯದಿಂದ ಕೂನೂರಿಗೂ, 1908ರಲ್ಲಿ ಉದಕಮಂಡಲಕ್ಕೂ ರೈಲು ಏರಿ ಬಂದಿತು. 1904ರಲ್ಲಿ ಅರುವಂಕಾಡಿನಲ್ಲಿ ಮದ್ದಿನ ಕಾರ್ಖಾನೆ ಕೆಲಸ ತೊಡಗಿತು.

ತೊದವರ ಕಥೆ ಬೇರೆ ಬಗೆಯದು. ಹೊರಗಿನ ರೋಗಗಳಿಂದಲೂ ಮಕ್ಕಳಿಲ್ಲದ ಕೊರತೆಯಿಂದಲೂ 20ನೆಯ ಶತಮಾನದ ಮೊದಲ ಅರ್ಧದಲ್ಲಿ ಅವರು 1901ಕ್ಕಿಂತ ಕಡಮೆಯಾದರು. ಈ ಜನಾಂಗ ಅಳಿದೇ ಹೋಗುವುದೆಂದು ಬರೆದವರುಂಟು. ಸ್ವಾತಂತ್ರ್ಯಾನಂತರ ಅವರ ಮಂದುಗಳಿಗೆ ವೈದ್ಯಸಹಾಯ ತಲುಪಿದ ಮೇಲೆ ಸಂಖ್ಯೆ ಮತ್ತೆ ಏರಿ, 2011ರ ಹೊತ್ತಿಗೆ ಸುಮಾರು 2,000ಕ್ಕೆ ಮುಟ್ಟಿತು. ಅಳಿಯುವವರೆಂದು ಬರೆಯಲ್ಪಟ್ಟವರು ಉಳಿದರು. ಅಂಕಿ ಇಳಿದಾಗ ಹತಾಶರಾಗಬೇಕಿಲ್ಲ, ಏರಿದಾಗ ಮೈಮರೆಯಬೇಕಿಲ್ಲ ಎಂಬುದಕ್ಕೆ ನೆರೆಮನೆಯ ಈ ನಿದರ್ಶನ ಸಾಕು.

ಏರಿದ ಕಾಲ

20ನೆಯ ಶತಮಾನದಲ್ಲಿ ಹಟ್ಟಿಯ ಬಾಳು ತಿರುವು ಪಡೆಯಿತು. ರಾಗಿ ಸಾಮೆಗಳ ಜಾಗಕ್ಕೆ ಮೊದಲು ಆಲೂಗೆಡ್ಡೆ ಬಂದಿತು, ಅನಂತರ ಚಹ ಬಂದಿತು. ಹುಬ್ಬತಲೆಯ ಆರಿಗೌಡರ ಕಾಲದಲ್ಲಿ ಬೆಳೆದ ನೀಲಗಿರಿ ಸಹಕಾರಿ ಮಾರಾಟ ಸಂಘದಿಂದ ಆಲೂಗೆಡ್ಡೆ ಬೆಳೆದವನಿಗೆ ದಳ್ಳಾಳಿಯ ಹಿಡಿತದಿಂದ ಬಿಡುಗಡೆಯ ದಾರಿ ಕಂಡಿತು. ಹೆಣ್ಣುಮಕ್ಕಳೂ ಓದಿದರು, ಬಡಗ ಸಮಾಜದಿಂದ ಬಂದ ಅಕ್ಕಮ್ಮ ದೇವಿಯವರು 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆರಿಸಿ ಬಂದರು. ಅದೇ ದಶಕದಲ್ಲಿ ಸಣ್ಣ ಬೆಳೆಗಾರರ ಸಹಕಾರಿ ಚಹ ಕಾರ್ಖಾನೆಗಳು ತಲೆಯೆತ್ತಿದವು. ಅವುಗಳ ಒಕ್ಕೂಟವಾದ ಇಂಡ್‌ಕೋಸರ್ವ್ 1965ರಲ್ಲಿ ಸ್ಥಾಪಿತವಾಯಿತು. ಅಂಗೈ ಅಗಲದ ಜಮೀನಿದ್ದವನೂ ಎಲೆ ಕಿತ್ತು ಕೊಟ್ಟು ತಿಂಗಳ ಹಣ ಕಾಣುವಂತಾಯಿತು. ಮಣ್ಣಿನ ಗೋಡೆ ಹೋಗಿ ಇಟ್ಟಿಗೆಯ ಗೋಡೆ ಎದ್ದಿತು. ಹಾಲು ಮೊಸರು ಇಡುತ್ತಿದ್ದ ಒಳಗಿನ ಹಾಗೋಟು ಹಲವು ಮನೆಗಳಲ್ಲಿ ಹೆಸರಿಗಷ್ಟೇ ಉಳಿಯಿತು.

ಜಿಲ್ಲೆಗೆ ಹೊಸಬರು ಬರುವುದೂ ನಿಲ್ಲಲಿಲ್ಲ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೊ ಭಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದ ಮೇರೆಗೆ ಸಿಂಹಳದ ಚಹ ತೋಟಗಳಿಂದ ಮರಳಿದ ತಮಿಳು ಕುಟುಂಬಗಳು ಇಲ್ಲಿಗೆ ಬಂದವು. ಅವರಿಗೆ ಕೆಲಸ ಕೊಡಲೆಂದು 1968ರಿಂದ ಸರಕಾರಿ ಚಹ ತೋಟಗಳು ಎದ್ದವು. 1971ರಲ್ಲಿ 4,94,015 ಇದ್ದ ಜಿಲ್ಲೆಯ ಜನಸಂಖ್ಯೆ 1981ರಲ್ಲಿ 6,30,169ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ನೂರಕ್ಕೆ 27ಕ್ಕೂ ಮೀರಿದ ಏರಿಕೆ.

ಬೆಟ್ಟದ ಬುಡದಲ್ಲಿಯೂ ಬದಲಾವಣೆ ನಡೆದಿತ್ತು. ಮಲೇರಿಯಕ್ಕೆ ಹೆದರಿ ಜನ ದೂರವಿಟ್ಟಿದ್ದ ಗೂಡಲೂರು, ಮಸಿನಗುಡಿಗಳ ತಗ್ಗು ನೆಲ, ಔಷಧ ಸಿಂಪಡಿಸಿ ಸೊಳ್ಳೆಯನ್ನು ಹತೋಟಿಗೆ ತಂದ ಮೇಲೆ ವಾಸಕ್ಕೆ ತೆರೆಯಿತು. 1932ರಲ್ಲಿ ಪೈಕಾರದ ನೀರಿನಿಂದ ಸಿಂಗಾರದಲ್ಲಿ ವಿದ್ಯುತ್ತು ಹುಟ್ಟಿತು. 1950ರ ದಶಕದಲ್ಲಿ ಮೋಯಾರಿನ ಯೋಜನೆ ಬಂದಿತು. ಕೆಲಸಕ್ಕೆಂದು ಬಂದವರಲ್ಲಿ ಅಲ್ಲಿಯೇ ನೆಲೆ ನಿಂತವರು ಅನೇಕರು. ಮಸಿನಗುಡಿಯ ಅಂಗಡಿ ಬೀದಿಯಲ್ಲಿ ಇಂದಿಗೂ ಕನ್ನಡ, ತಮಿಳು, ಮಲಯಾಳ, ಬಡಗ, ಇರುಳ ಭಾಷೆಗಳು ಒಂದರ ಮೇಲೊಂದು ಕೇಳಿಬರುತ್ತವೆ. ಮೋಯಾರಿನ ಕೆಳಕಣಿವೆಯ ತೆಂಗುಮರಹಾಡದಲ್ಲಿ 1948ರಲ್ಲಿ ಸಹಕಾರಿ ಬೇಸಾಯ ಸಂಘವೊಂದು ಹುಟ್ಟಿ, ಮೇಲಿನ ಹಟ್ಟಿಗಳ ಜನರೂ ಇರುಳರೂ ಕೂಡಿ ಭತ್ತ ಬೆಳೆದರು. ಅಂದು ದೇಶಕ್ಕೆ ಅನ್ನ ಬೇಕಾಗಿತ್ತು, ಕಾಡು ಕಡಿದು ಗದ್ದೆ ಮಾಡೆಂದರು. ಇಂದು ಹುಲಿಗೆ ಕಾಡು ಬೇಕಾಗಿದೆ, ಪರಿಹಾರ ತೆಗೆದುಕೊಂಡು ಊರು ಬಿಡೆನ್ನುತ್ತಾರೆ. ಎರಡೂ ಕಾಲಕ್ಕೂ ತನ್ನದೇ ನ್ಯಾಯವುಂಟು. ಆದರೆ ಒಂದು ಊರು ಎರಡು ತಲೆಮಾರಿನೊಳಗೆ ಸರಕಾರದ ಒಂದು ಯೋಜನೆಯಿಂದ ಹುಟ್ಟಿ ಇನ್ನೊಂದು ಯೋಜನೆಯಿಂದ ಬರಿದಾಗುವ ಸ್ಥಿತಿಗೆ ಬರುವುದು ಅಲ್ಲಿಯ ಹಿರಿಯರಿಗೆ ಅರಗುವ ಮಾತಲ್ಲ. ಸೀಗೂರಿನ ಆನೆಯ ಹಾದಿಯ ವಿಷಯದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಮಸಿನಗುಡಿಯ ಸುತ್ತಣ ನೆಲೆಗಳ ಮುಂದೆಯೂ ಇಂತಹದೇ ಪ್ರಶ್ನೆಯನ್ನು ತಂದಿಟ್ಟಿತು.

ಇಳಿದ ಅಂಕಿ

ಬುಡದ ಊರುಗಳನ್ನು ಬರಿದು ಮಾಡಲು ಆಜ್ಞೆ ಬೇಕು. ಮೇಲಿನ ಹಟ್ಟಿಗಳನ್ನು ಬರಿದು ಮಾಡಲು ಯಾರ ಆಜ್ಞೆಯೂ ಬೇಕಾಗಲಿಲ್ಲ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ನೀಲಗಿರಿಯ ಚಹಕ್ಕೆ ಅದು ದೊಡ್ಡ ಗಿರಾಕಿ. ಎಲ್ಲಿಯ ಮಾಸ್ಕೋ, ಎಲ್ಲಿಯ ಕುಂದೆ! ಆದರೂ ಅಲ್ಲಿಯ ಏರುಪೇರು ಇಲ್ಲಿಯ ಅಡುಗೆಮನೆಗೆ ಬಂದಿತು. 1990ರ ದಶಕದ ಕೊನೆಯ ಹೊತ್ತಿಗೆ ಹಸಿ ಎಲೆಯ ಬೆಲೆ ಎಷ್ಟು ಕುಸಿಯಿತೆಂದರೆ ಕೀಳುವ ಕೂಲಿಯೂ ಹುಟ್ಟದಾಯಿತು. ಬೆಳೆಗಾರರು ಬೀದಿಗಿಳಿದು ಮೊರೆಯಿಟ್ಟರು. ರಾಗಿಯ ಹೊಲ ಇದ್ದಿದ್ದರೆ ಬೆಲೆ ಬಿದ್ದರೂ ಉಣ್ಣಬಹುದಾಗಿತ್ತು. ಚಹದ ಎಲೆಯನ್ನು ಉಣ್ಣುವಂತಿಲ್ಲ. ಹಟ್ಟಿಯ ಯುವಕರು ಕೆಳಗಿಳಿದರು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲಂಸ್ ಒಂದು ಕಾಲಕ್ಕೆ ಬೆಟ್ಟದ ಮಕ್ಕಳಿಗೆ ಮನೆ ಬಾಗಿಲಿನ ಉದ್ಯೋಗವಾಗಿತ್ತು. ಅದೂ ಸೊರಗುತ್ತ ಸೊರಗುತ್ತ ಕೊನೆಗೆ ಮುಚ್ಚಿತು.

ಜನಗಣತಿ ಇದನ್ನು ತಪ್ಪದೆ ಬರೆದುಕೊಂಡಿತು. 2001ರಲ್ಲಿ ನೀಲಗಿರಿ ಜಿಲ್ಲೆಯ ಜನ 7,62,141. 2011ರಲ್ಲಿ 7,35,394. ಹತ್ತು ವರ್ಷಗಳಲ್ಲಿ 26,747 ಜನ ಕಡಮೆ. ತಮಿಳುನಾಡಿನ ಎಲ್ಲ ಜಿಲ್ಲೆಗಳಲ್ಲಿ ಆ ದಶಕದಲ್ಲಿ ಜನ ಇಳಿದ ಜಿಲ್ಲೆ ಇದೊಂದೇ. ಅದೇ ಅವಧಿಯಲ್ಲಿ ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ 1,014ರಿಂದ 1,042ಕ್ಕೆ ಏರಿತು. ಇದಕ್ಕೆ ಕಾರಣಗಳು ಹಲವಿರಬಹುದು. ದುಡಿಯಲು ಕೆಳಗಿಳಿದ ಗಂಡಸರನ್ನು ಬೇರೆ ಜಿಲ್ಲೆಯ ಲೆಕ್ಕದಲ್ಲಿ ಹುಡುಕಬೇಕೆಂಬುದೂ ಅದರಲ್ಲೊಂದು. ಮಕ್ಕಳ ಸಂಖ್ಯೆ ಕಡಮೆಯಾದುದೂ ಉಂಟು. ಬಡಗರ ಕುರಿತು ಜೀವಮಾನವಿಡೀ ಅಭ್ಯಾಸ ಮಾಡಿದ ಪಾಲ್ ಹಾಕಿಂಗ್ಸ್ 1960ರ ದಶಕದಿಂದ ತೊಡಗಿ ದಶಕಗಳ ಕಾಲ ಕೆಲವು ಹಟ್ಟಿಗಳ ಮನೆಮನೆಯ ಲೆಕ್ಕವಿಟ್ಟು, 1999ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ದೊಡ್ಡ ಸಂಸಾರ ಚಿಕ್ಕದಾದ ಬಗೆಯನ್ನು ಅದರಲ್ಲಿ ಕಾಣಬಹುದು.

2011ರಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದವರು ದೇಶದಲ್ಲೆಲ್ಲ ಸೇರಿ ಸುಮಾರು 1,33,500. ಅವರೆಲ್ಲರೂ ನೀಲಗಿರಿಯಲ್ಲಿಯೇ ಇದ್ದರೆಂದು ಎಣಿಸಿದರೂ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 18 ಮಾತ್ರ ಆಗುತ್ತದೆ. 1871ರ 39, 1901ರ 31, 2011ರಲ್ಲಿ ಹೆಚ್ಚೆಂದರೆ ಸುಮಾರು 18. ಜಾತಿಯ ಲೆಕ್ಕಕ್ಕೂ ನುಡಿಯ ಲೆಕ್ಕಕ್ಕೂ ಸ್ವಲ್ಪ ಅಂತರವಿದ್ದೀತು. ಆದರೆ ದಿಕ್ಕು ಯಾವುದೆಂಬುದು ಸ್ಪಷ್ಟ.

ಗ್ರೀಸಿನ ಬೆಟ್ಟದೂರುಗಳ ಪಾಠ

ಬೆಟ್ಟದ ಊರು ಬರಿದಾಗುವುದು ನಮ್ಮೊಬ್ಬರ ಅನುಭವವಲ್ಲ. ಗ್ರೀಸ್ ದೇಶದ ವಾಯವ್ಯದಲ್ಲಿ ಝಗೋರಿ ಎಂಬ ಬೆಟ್ಟಸೀಮೆಯುಂಟು. ಕಲ್ಲಿನ ಮನೆ, ಕಲ್ಲಿನ ಮಾಡು, ಕಲ್ಲಿನ ಕಮಾನು ಸೇತುವೆಗಳ 46 ಹಳ್ಳಿಗಳು. 1940ರ ದಶಕದ ಮಹಾಯುದ್ಧವೂ ಅದರ ಬೆನ್ನಿಗೆ ಬಂದ ಅಂತರ್ಯುದ್ಧವೂ ಅಲ್ಲಿನ ಬೆಟ್ಟಗಾಡನ್ನು ನುಗ್ಗುನುರಿ ಮಾಡಿದವು. 1960ರಲ್ಲಿ ಗ್ರೀಸಿಗೂ ಪಶ್ಚಿಮ ಜರ್ಮನಿಗೂ ಕೆಲಸಗಾರರನ್ನು ಕಳಿಸಿಕೊಡುವ ಒಪ್ಪಂದವಾಯಿತು. ಗ್ರೀಸಿನ ಹಳ್ಳಿಗಳ ತರುಣರು ಜರ್ಮನಿಯ ಕಾರ್ಖಾನೆಗಳಿಗೂ ಅಥೆನ್ಸ್ ನಗರಕ್ಕೂ ಹೋದರು. ಬೆಟ್ಟದ ಹಳ್ಳಿಗಳಲ್ಲಿ ಮುದುಕರು ಉಳಿದರು. 2023ರಲ್ಲಿ ಝಗೋರಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಿಗೆ ಮಾನ್ಯತೆ ದೊರಕಿತು, ಜನ ಮಾತ್ರ ವಿರಳ.

ಆದರೆ ಆಗಸ್ಟ್ 15ರಂದು ದೇವಮಾತೆಯ ಹಬ್ಬಕ್ಕೆ ಅಲ್ಲಿಯ ಹಳ್ಳಿಗಳು ತುಂಬುತ್ತವೆ. ನಮ್ಮ ಹೆತ್ತೆ ಹಬ್ಬವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹೆತ್ತೆಯೂ ತಾಯಿಯೇ, ಹಿರಿಯಜ್ಜಿಯೇ.

ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವಾದುದು. ಗ್ರೀಸಿನಲ್ಲಿ ಮನುಷ್ಯ ಎಲ್ಲಿಯೇ ಇರಲಿ, ಅವನ ಹೆಸರು ಪುರಸಭೆಯೊಂದರ ಪಟ್ಟಿಯಲ್ಲಿರುತ್ತದೆ. ಅನೇಕರ ಹೆಸರು ಹಿರಿಯರ ಊರಿನ ಪಟ್ಟಿಯಲ್ಲಿಯೇ ಉಳಿಯುತ್ತದೆ. ಅಥೆನ್ಸಿನಲ್ಲಿ ಹುಟ್ಟಿ ಬೆಳೆದವನೂ ಮತ ಹಾಕಲು ಬೆಟ್ಟದೂರಿಗೆ ಹೋಗುವುದುಂಟು. ಜನಗಣತಿಯ ದಿನ ತನ್ನೂರಿನಲ್ಲಿಯೇ ಎಣಿಕೆಯಾಗಬೇಕೆಂದು ಜನ ಗುಂಪುಗುಂಪಾಗಿ ಊರಿಗೆ ಮರಳುತ್ತಿದ್ದ ಕಾಲವೂ ಇತ್ತು. ಅದರಿಂದ ಲೆಕ್ಕ ಕೆಡುತ್ತದೆಂದು ಅಧಿಕಾರಿಗಳು ತಲೆ ಚಚ್ಚಿಕೊಂಡರು. ಕೊನೆಗೆ ಅಲ್ಲಿ ಒಂದು ಊರಿಗೆ ಒಂದೇ ಸಂಖ್ಯೆಯನ್ನು ಕೊಡುವುದು ಬಿಟ್ಟು, ಆ ದಿನ ಊರಲ್ಲಿದ್ದವರು, ನಿತ್ಯ ವಾಸಿಸುವವರು, ಊರಿನ ಪಟ್ಟಿಯಲ್ಲಿ ಹೆಸರಿರುವವರು ಎಂದು ಬೇರೆ ಬೇರೆ ಸಂಖ್ಯೆಗಳನ್ನು ಕೊಡತೊಡಗಿದರು.

ನಮ್ಮ ದೇಶದಲ್ಲಿ ಹಾಗಿಲ್ಲ. 1931ರವರೆಗೆ ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಇದ್ದಲ್ಲಿಯೇ ಎಣಿಸುತ್ತಿದ್ದರು. ಅನಂತರ ಕೆಲವು ವಾರಗಳ ಕಾಲ ಎಣಿಸಿ, ಅಲ್ಲಿಯ ವಾಸಿಗಳನ್ನು ಬರೆದುಕೊಳ್ಳುವ ಕ್ರಮ ಬಂದಿತು. ಹೇಗೆ ಎಣಿಸಿದರೂ ಬೀಗದ ಮನೆ ಬೀಗದ ಮನೆಯೇ. ಕೊಯಮತ್ತೂರಿನಲ್ಲಿರುವ ಬಡಗ ಕೊಯಮತ್ತೂರಿನ ಲೆಕ್ಕಕ್ಕೆ ಸೇರುತ್ತಾನೆ. ಅವನ ಚಹದ ತೋಟದಲ್ಲಿ ಎಲೆ ಕೀಳಲು ಜಾರ್ಖಂಡಿನಿಂದಲೋ ಅಸ್ಸಾಮಿನಿಂದಲೋ ಬಂದು ಹಟ್ಟಿಯ ಮನೆಯಲ್ಲಿ ವಾಸವಿರುವ ಕುಟುಂಬ ಹಟ್ಟಿಯ ಲೆಕ್ಕಕ್ಕೆ ಸೇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಹಿಂದೆ ಬಡಗರು ಕೂಡ ಹೀಗೆಯೇ ದೂರದಿಂದ ದುಡಿಮೆಯ ಕೈಗಳೊಂದಿಗೆ ಬಂದವರು. ಬೆಟ್ಟ ಅವರನ್ನು ಸೇರಿಸಿಕೊಂಡಿತು. ಆ ಕುಟುಂಬದ ಮಗುವಿಗೆ ಹಟ್ಟಿಯ ಶಾಲೆ ಬೇಕು, ಆ ಮಗುವಿದ್ದರೆ ಹಟ್ಟಿಯ ಶಾಲೆಯೂ ಉಳಿದೀತು.

ಮೂರು ಲೆಕ್ಕ

ಹೀಗೆ ನೋಡಿದರೆ ಹಟ್ಟಿಗೆ ಇರುವುದು ಒಂದು ಜನಸಂಖ್ಯೆಯಲ್ಲ, ಮೂರು. ಹಟ್ಟಿಯಲ್ಲಿ ಒಲೆ ಹೊತ್ತಿಸುವವರ ಸಂಖ್ಯೆ ಒಂದು. ಹಟ್ಟಿ ತಮ್ಮದೆಂದು ಹೇಳಿಕೊಳ್ಳುವವರ ಸಂಖ್ಯೆ ಇನ್ನೊಂದು. ಕರೆದಾಗ ಮರಳಿ ಬರುವವರ ಸಂಖ್ಯೆ ಮೂರನೆಯದು. ಸರಕಾರ ಮೊದಲನೆಯದನ್ನು ಎಣಿಸುತ್ತದೆ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಎರಡನೆಯದನ್ನು. ಹಟ್ಟಿಯ ಆಯುಷ್ಯ ನಿಂತಿರುವುದು ಮೂರನೆಯದರ ಮೇಲೆ.

ಹೆತ್ತೆ ಹಬ್ಬಕ್ಕೆ ಬಿಳಿಯ ಬಟ್ಟೆಯುಟ್ಟು ಬೇರಗಣಿಗೆ ನಡೆದು ಬರುವವರನ್ನು ನೋಡಿದರೆ ಮೂರನೆಯ ಲೆಕ್ಕ ಇನ್ನೂ ಗಟ್ಟಿಯಾಗಿದೆಯೆಂದು ತೋರುತ್ತದೆ. ಸಾವಿನ ಸುದ್ದಿ ಬಂದಾಗಲೂ ಹಾಗೆಯೇ. ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳಿ ಕಳೆಯುವ ಕರುಹರಚುವ ವಿಧಿಯಲ್ಲಿ ಹಿರಿಯನೊಬ್ಬ ಸೊಲ್ಲು ಹೇಳಿದಾಗ ನೆರೆದವರು ಮರುದನಿ ಕೊಡಬೇಕು. ಮರುದನಿ ಕೊಡಲು ಜನ ಬೇಕು. ಬರಿಯ ಜನ ಸಾಲದು, ನುಡಿ ಬಲ್ಲ ಜನ ಬೇಕು.

ಇಲ್ಲಿಯೇ ನಿಜವಾದ ಆತಂಕ. ಬೆಂಗಳೂರಿನಲ್ಲಿಯೋ ಕೊಯಮತ್ತೂರಿನಲ್ಲಿಯೋ ಬೆಳೆದ ಮೊಮ್ಮಗು ಹಬ್ಬಕ್ಕೆ ಬರುತ್ತದೆ. ಅಜ್ಜಿಯ ಮಡಿಲಲ್ಲಿ ಕುಳಿತುಕೊಳ್ಳುತ್ತದೆ. ಅಜ್ಜಿ ಬಡಗದಲ್ಲಿ ಕೇಳಿದುದಕ್ಕೆ ಬೇರೆ ನುಡಿಯಲ್ಲಿ ಉತ್ತರ ಕೊಡುತ್ತದೆ. ಹಟ್ಟಿಯಲ್ಲಿಯೇ ಬೆಳೆಯುವ ಮಗುವಿನ ಶಾಲೆಯಲ್ಲಿ ತಮಿಳು ಇಲ್ಲವೆ ಇಂಗ್ಲಿಷ್. ಬಡಗ ಯಾವ ಶಾಲೆಯ ಪಾಠಭಾಷೆಯೂ ಅಲ್ಲ. ನಾಲಗೆಯನ್ನು ಒಳಕ್ಕೆ ಮಡಿಸಿ ಉಚ್ಚರಿಸುವ ಅಪೂರ್ವ ಸ್ವರಗಳು ಬಡಗದಲ್ಲಿವೆಯೆಂದು 1939ರಲ್ಲಿ ಎಮೆನೊ ಎಂಬ ಭಾಷಾವಿಜ್ಞಾನಿ ಲೋಕಕ್ಕೆ ತಿಳಿಸಿದನು. ಅವುಗಳನ್ನು ಅವನು ಕೇಳಿದ ಹಾಗೆ ಬಿಡಿಬಿಡಿಯಾಗಿ ನುಡಿಯುವವರು ಈಗ ವಿರಳ. 1992ರಲ್ಲಿ ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ ಸೇರಿ ದೊಡ್ಡದೊಂದು ಬಡಗ ನಿಘಂಟನ್ನು ಹೊರತಂದರು. ನಿಘಂಟಿನಲ್ಲಿ ಮಾತು ಉಳಿಯುತ್ತದೆ, ನಿಜ. ಆದರೆ ಮಾತು ಬದುಕುವುದು ಅಂಗಳದಲ್ಲಿ.

ಭಾರತದ ಜನಗಣತಿ ಬಡಗವನ್ನು ಕನ್ನಡದ ಬಳಗಕ್ಕೆ ಸೇರಿಸಿ ಎಣಿಸುತ್ತದೆ. ಅದು ಕನ್ನಡದ ಒಂದು ಉಪಭಾಷೆಯೋ, ಕನ್ನಡದ ಒಡಹುಟ್ಟಾದ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಹಳೆಯದು. ಬೇರೆ ಭಾಷೆಯೆನ್ನುವ ವಿದ್ವಾಂಸರ ಮಾತಿನಲ್ಲಿ ಬಲವಿದೆ. ಕನ್ನಡಿಗರಾದ ನಾವು ಆ ಅಂಕಿಯನ್ನು ನಮ್ಮ ಖಾತೆಗೆ ಬರೆದುಕೊಂಡು ತೃಪ್ತರಾಗುವುದಕ್ಕಿಂತ, ಆ ನುಡಿಯ ಬಾಳಿಗೆ ಏನು ಮಾಡಿದೆವೆಂದು ಕೇಳಿಕೊಳ್ಳುವುದು ಮೇಲು. ತಂಗಿಯ ಆಸ್ತಿಯನ್ನು ತನ್ನ ಲೆಕ್ಕದಲ್ಲಿ ತೋರಿಸುವ ಅಣ್ಣ ತಂಗಿಯ ಕಷ್ಟಕ್ಕೂ ಆಗಬೇಕು.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಯಿತು. ಎಣಿಸುವವರು ತಾಯ್ನುಡಿ ಯಾವುದೆಂದು ಕೇಳುವಾಗ, ನಗರದಲ್ಲಿರುವ ಬಡಗ ಕುಟುಂಬ ಸಂಕೋಚವಿಲ್ಲದೆ ಬಡಗವೆಂದು ಬರೆಸಬೇಕು. ಹಾಗೆ ಬರೆಸಿದ ಒಂದೊಂದು ಹೆಸರೂ, ಊರಿನ ಲೆಕ್ಕದಿಂದ ಜಾರಿಹೋದುದನ್ನು ನುಡಿಯ ಲೆಕ್ಕದಲ್ಲಿ ಹಿಡಿದು ನಿಲ್ಲಿಸುತ್ತದೆ.

ಸರಕಾರ ಮಾಡದ ಇನ್ನೊಂದು ಕೆಲಸವನ್ನು ಹಟ್ಟಿಯವರು ತಾವೇ ಮಾಡಿಕೊಳ್ಳಬಹುದು. ನೂರು ಹಾಳೆಯ ಒಂದು ಪುಸ್ತಕ ಸಾಕು. ಕೇರಿಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ, ಯಾವ ಮನೆ ಯಾವ ಕುಲದ್ದು, ಕಟ್ಟಿದ ಹಿರಿಯ ಯಾರು, ಸೊಸೆಯಾಗಿ ಬಂದವರು ಯಾವ ಹಟ್ಟಿಯವರು, ಮಕ್ಕಳು ಈಗ ಎಲ್ಲಿದ್ದಾರೆ, ಹಬ್ಬಕ್ಕೆ ಬಂದರೆ, ಸಾವಿಗೆ ಬಂದರೆ ಎಂದು ವರ್ಷಕ್ಕೊಮ್ಮೆ ಬರೆದಿಡಬೇಕು. ತೊಂಬತ್ತು ವರ್ಷದ ಅಜ್ಜಿಯರು ಇರುವಾಗಲೇ ಬರೆಯಬೇಕು. ಏಕೆಂದರೆ ಹಳೆಯ ಮನೆಗಳ ಹೆಸರೂ, ಈಗ ಬೀಗ ಬಿದ್ದ ಬಾಗಿಲಿನ ಹಿಂದೆ ಹುಟ್ಟಿ ಬೆಳೆದವರ ಹೆಸರೂ ಅವರ ನಾಲಗೆಯ ತುದಿಯಲ್ಲಿವೆ. ಎಷ್ಟೋ ಹಟ್ಟಿಗಳಲ್ಲಿ ಆ ನಾಲಗೆಯ ಹೊರತು ಬೇರೆ ದಫ್ತರವಿಲ್ಲ.

ಮುಂದಿನ ಹೆತ್ತೆ ಹಬ್ಬಕ್ಕೆ ಊರಿಗೆ ಹೋಗುವವರು ಬಾಗಿಲಿನ ಬೀಗ ತೆಗೆದು, ದೀಪ ಹಚ್ಚಿ, ಅಜ್ಜಿಯ ಪಕ್ಕದಲ್ಲಿ ಕುಳಿತು ಮೊದಲ ಹಾಳೆಯನ್ನು ಬರೆಯಲಿ. ಮೊಮ್ಮಗುವೂ ಪಕ್ಕದಲ್ಲಿದ್ದು ಕೇಳಲಿ. ಬಡಗಿನಿಂದ ಹೊರಟವರು ಇಲ್ಲಿ ಊರು ಕಟ್ಟಿದ ಕಥೆ ಅದರ ಕಿವಿಗೆ ಬೀಳಬೇಕಾದುದು ಆ ಅಂಗಳದಲ್ಲಿಯೇ, ಆ ನುಡಿಯಲ್ಲಿಯೇ.